ಹೆಡ್‌ಮಾಸ್ತರ ಬುಟ್ಟಿ

ಹೆಡ್‌ಮಾಸ್ತರ ಕಂಪ್ಯೂಟರಿನಲ್ಲಿ ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಅವರ ಒಂದು ಕೆನ್ನೆಯ ಗಡ್ಡ ಹೆರೆದು ಮುಗಿಯುತ್ತಿತ್ತು. ಇದು ಉತ್ಪ್ರೇಕ್ಷೆಯಲ್ಲ. ಕನ್ನಡಿಯನ್ನು ಅವರು ಕಂಪ್ಯೂಟರಿನ ಪಕ್ಕದಲ್ಲೇ ತೂಗುಹಾಕಿಕೊಂಡಿದ್ದರು.

ನಿವೃತ್ತರಾದ ಮೇಲೆ ಮೂರು ವರ್ಷ ಅದರ ಮುಂದೆ ಕೂತು ಅವರೊಂದು ಪುಸ್ತಕ ಬರೆದಿದ್ದರು. ತಮ್ಮ ಕೈಕೆಳಗೆ ಓದಿದವರಲ್ಲಿ ನೆನಪಿನಲ್ಲಿ ಉಳಿದವರು ಇನ್ನೂರ ಹದಿನಾಲ್ಕು ಮಂದಿ, ತಲೆಗೊಂದು ಪುಟ. ಹೊಗಳಿಕೆಯಿಲ್ಲ, ತೆಗಳಿಕೆಯಿಲ್ಲ, ಕಂಡದ್ದು ಕಂಡ ಹಾಗೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅದನ್ನು ಅಚ್ಚು ಹಾಕಿಸುವುದಾಗಿ ಮಾತು ಕೊಟ್ಟಿದ್ದರು. ಮಾತು ಕೊಟ್ಟ ಮೇಲೆ, ‘ಕಂಡದ್ದು ಕಂಡ ಹಾಗೆ’ ಎಂಬುದನ್ನು ಯೋಚಿಸಿ ಅರ್ಧ ಊರು ಅಂಜಿಕೊಂಡು ಕೂತಿತ್ತು.

ಅಳಿಯ ಮೇಲಿನ ಮಹಡಿಯಲ್ಲಿದ್ದ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ. ಒಮ್ಮೆ ಅಂಗಡಿಯ ಅಳತೆಯ ಯಂತ್ರ ನಿಂತುಹೋದಾಗ ಅವನು ಅದರ ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದ್ದ. ಯಂತ್ರ ನಡೆಯಿತು. ಅಂದಿನಿಂದ ಅವನು ಕಂಪ್ಯೂಟರ್ ಬಲ್ಲವನು ಎಂದು ಹೆಸರಾಯಿತು. “ನಿಮಗೆ ಇದೆಲ್ಲ ಗೊತ್ತಲ್ವಾ?” ಎಂದು ಯಾರು ಕೇಳಿದರೂ ಅವನು “ಹೂಂ” ಎನ್ನುತ್ತಿದ್ದ. ಇದರಲ್ಲಿ ಅಹಂಕಾರವೇನೂ ಇರಲಿಲ್ಲ. ಯಾವ ಪ್ರಶ್ನೆಗೂ ಅವನ ಬಾಯಿಂದ ಮೊದಲು ಹೊರಡುತ್ತಿದ್ದುದು “ಹೂಂ” ಎಂಬುದೇ. ಪ್ರಶ್ನೆ ಏನೆಂದು ಅವನು ಆಮೇಲೆ ನಿಧಾನವಾಗಿ ನೋಡಿಕೊಳ್ಳುತ್ತಿದ್ದ.

ಹೆಡ್‌ಮಾಸ್ತರಿಗೆ ಅವನು ಮೊದಲು ಏಳನೇ ತರಗತಿಯ ವಿದ್ಯಾರ್ಥಿ, ಆಮೇಲೆ ಅಳಿಯ. ಮಗಳನ್ನು ಕೊಟ್ಟ ದಿನದಿಂದ ಅವರು ಕಷ್ಟಪಟ್ಟು “ಅಳಿಯಂದ್ರೇ, ನೀವು” ಎಂದು ಮಾತಾಡಿಸುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಳಿಯ ಕೆಳಗಿಳಿದು ಬಂದು, ಮಾವ ಒಂದೇ ಅಕ್ಷರಕ್ಕಾಗಿ ಕಾಯುತ್ತ ಕೂತದ್ದನ್ನು ಕಂಡು, ಯಾರೂ ಕೇಳದಿದ್ದರೂ ಹೇಳಿದ:

“ಮಾವ, ಇದಕ್ಕೊಂದು ಸಾಫ್ಟ್‌ವೇರ್ ಹಾಕ್ಬೇಕು. ಕುದುರೆ ಹಾಗೆ ಓಡುತ್ತೆ.”

“ಹಾಕಿ ಅಳಿಯಂದ್ರೇ. ನಿಮಗೆ ಗೊತ್ತಿಲ್ಲದ್ದು ಏನಿದೆ!”

ಆ ಸಾಫ್ಟ್‌ವೇರಿನ ಗುರುತು ಪೊರಕೆ ಹಿಡಿದ ಒಂದು ರಾಕೆಟ್ಟು. ಅದು ಒಳಗೆ ಬಂದದ್ದೇ ಕಂಪ್ಯೂಟರಿನ ಮೂಲೆ ಮೂಲೆಯನ್ನೂ ಮೂಸಿ, ಗಂಟೆ ಬಾರಿಸಿ, ಪರದೆಯನ್ನು ಕೆಂಪು ಮಾಡಿ ಘೋಷಿಸಿತು: ಮೂರು ಸಾವಿರದ ಎಂಟುನೂರ ಹದಿನಾರು ದೋಷಗಳು. ಆರೋಗ್ಯ, ನೂರಕ್ಕೆ ಇಪ್ಪತ್ತಮೂರು.

ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು.

“ಫೇಲಾ?”

“ಹಾಗಲ್ಲ ಮಾವ, ಇದು ಬರೀ…”

“ಇಪ್ಪತ್ತಮೂರು ಅಂದ್ರೆ ಫೇಲೇ. ಗ್ರೇಸ್ ಕೊಟ್ರೂ ದಾಟಲ್ಲ.” ಅವರು ಒಳಗೆ ತಿರುಗಿ ಕೂಗಿದರು, “ಮಗಳೇ, ಬಾಗಿಲು ಹಾಕು! ಪಕ್ಕದ ಮನೆಯೋರಿಗೆ ಕೇಳಿಸೀತು.”

“ಏನಾಯ್ತಪ್ಪಾ?” ಎಂದು ಮಗಳು ಅಡುಗೆಮನೆಯಿಂದ ಓಡಿಬಂದಳು.

“ನಾನು ಮೂರು ಸಾವಿರದ ಎಂಟುನೂರ ಹದಿನಾರು ತಪ್ಪು ಮಾಡಿದೀನಂತೆ.”

ಅಳಿಯ ಗಂಭೀರವಾಗಿ ‘ಎಲ್ಲವನ್ನೂ ಸರಿಪಡಿಸು’ ಎಂಬುದನ್ನು ಒತ್ತಿದ. ಸಾಫ್ಟ್‌ವೇರು ಒಂದಾದ ಮೇಲೊಂದು ಪ್ರಶ್ನೆ ಕೇಳತೊಡಗಿತು. ಅವನು ಒಂದೊಂದಕ್ಕೂ “ಹೂಂ” ಎನ್ನುತ್ತ ಒತ್ತುತ್ತ ಹೋದ.

“ಬುಟ್ಟಿ ಖಾಲಿ ಮಾಡ್ಲಾ ಅಂತ ಕೇಳ್ತಿದೆ ಮಾವ.”

“ಮಾಡಿ ಮಾಡಿ!” ಹೆಡ್‌ಮಾಸ್ತರ ಮುಖ ಅರಳಿತು. “ಬುಟ್ಟಿ ತುಂಬಿ ಎಷ್ಟು ದಿನ ಆಯ್ತು! ಯಾರಾದ್ರೂ ಎತ್ಕೊಳ್ಲಿ ಅಂತ್ಲೇ ಕಾಯ್ತಿದ್ದೆ.”

“ಒಳಗೇನಿದೆ ಅಂತ ಒಂದ್ಸಲ ನೋಡ್ರೀ,” ಎಂದಳು ಮಗಳು, ಗಂಡನಿಗೆ.

“ಬುಟ್ಟಿ ಒಳಗೆ ಏನಿರುತ್ತೆ? ನೀನು ಕಾಫಿ ನೋಡು ಹೋಗು.”

ಬುಟ್ಟಿ ಖಾಲಿಯಾಯಿತು. ಖಾಲಿಯಾದ ಜಾಗವನ್ನು ಯಾವ ಗುರುತೂ ಉಳಿಯದ ಹಾಗೆ ತೊಳೆಯಲೇ ಎಂದು ಸಾಫ್ಟ್‌ವೇರು ಮತ್ತೆ ಕೇಳಿತು. ಅಳಿಯ ಧಾರಾಳ ಮನಸ್ಸಿನವನು. “ತೊಳೀಲಿ, ತೊಳೀಲಿ” ಎಂದು ಅದನ್ನೂ ಒತ್ತಿದ. ಒಂದು ಗಂಟೆ ತೊಳೆದು, ಕಂಪ್ಯೂಟರು ತಾನೇ ಆರಿ, ತಾನೇ ಹೊತ್ತಿಕೊಂಡು, ಹಸಿರು ಬಣ್ಣದಲ್ಲಿ ತೋರಿಸಿತು: ತೊಂಬತ್ತೆಂಟು.

ಹೆಡ್‌ಮಾಸ್ತರು ಒಂದು ಅಕ್ಷರ ಒತ್ತಿದರು. ಕೆನ್ನೆಗೆ ಕೈ ಹೋಗುವ ಮೊದಲೇ ಅದು ಮೂಡಿತು. ಅವರು ಬೆರಗಾಗಿ ಅಳಿಯನನ್ನು ನೋಡಿದರು. ಆಮೇಲೆ, ಅಭ್ಯಾಸಬಲದಿಂದ, “ಇನ್ನೆರಡು ಎಲ್ಲಿ ಹೋಯ್ತು?” ಎಂದು ಕೇಳಿದರು.

ಸಂಜೆಯೊಳಗೆ ಕಟ್ಟಡದ ಇನ್ನೂ ಮೂರು ಮನೆಗಳಿಗೆ ರಾಕೆಟ್ಟು ಹೊಕ್ಕಿತು. ಎದುರುಮನೆಯ ಟೈಲರಿಗೆ ಹದಿನೇಳು ಅಂಕ ಬಂತು. ಎರಡು ದಿನ ಅವನು ಮೆಟ್ಟಿಲಲ್ಲಿ ತಲೆ ಎತ್ತಿ ನಡೆಯಲಿಲ್ಲ.

ಮಂಗಳವಾರ ಬೆಳಿಗ್ಗೆ ಅಳಿಯ ಅಂಗಡಿಗೆ ಹೊರಟಾಗ ಹೆಡ್‌ಮಾಸ್ತರು ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದರು. ಹೊಸ ಮದುಮಗನ ಹಾಗೆ ನಾಚಿಕೊಂಡಿದ್ದರು.

“ಹೇಗಿದೆ?”

“ಯಾವುದು ಮಾವ?”

“ಅದೇ, ಬುಟ್ಟಿಯಿಂದ ಎತ್ಕೊಂಡ್ರಲ್ಲ. ನಮ್ಮ ಪುಸ್ತಕ.”

ಇಲ್ಲಿ ಒಂದು ವಿವರ ಹೇಳಬೇಕು. ಮೂವತ್ತೆಂಟು ವರ್ಷ ಹೆಡ್‌ಮಾಸ್ತರ ಮೇಜಿನ ಬಲಗಡೆ ಒಂದು ಬೆತ್ತದ ಬುಟ್ಟಿ ಇತ್ತು. ತಿದ್ದಿ ಮುಗಿದ ಉತ್ತರ ಪತ್ರಿಕೆ, ಸಹಿ ಬಿದ್ದ ಕಾಗದ, ಒಟ್ಟಿನಲ್ಲಿ ಕೆಲಸ ಮುಗಿದದ್ದೆಲ್ಲ ಆ ಬುಟ್ಟಿಗೆ. ಸಂಜೆ ಗುಮಾಸ್ತ ಬಂದು ಅದನ್ನು ಎತ್ತಿಕೊಂಡು ಹೋಗಿ ಬೀರುವಿನಲ್ಲಿ ಜೋಡಿಸಿಡುತ್ತಿದ್ದ. ಕಂಪ್ಯೂಟರಿನ ಪರದೆಯ ಮೂಲೆಯಲ್ಲೂ ಒಂದು ಬುಟ್ಟಿಯ ಚಿತ್ರ ಕಂಡಾಗ ಹೆಡ್‌ಮಾಸ್ತರಿಗೆ ಅದನ್ನು ಮಾಡಿದವರ ಮೇಲೆ ಗೌರವ ಹುಟ್ಟಿತು. ಒಂದೊಂದು ಪುಟ ಬರೆದು, ಎರಡು ಸಲ ತಿದ್ದಿ, ಮುಗಿಯಿತು ಅನ್ನಿಸಿದ ಮೇಲೆ ಅದನ್ನು ಜೋಪಾನವಾಗಿ ಎಳೆದು ಬುಟ್ಟಿಗೆ ಹಾಕುತ್ತಿದ್ದರು. ಹೀಗೆ ಇನ್ನೂರ ಹದಿನಾಲ್ಕು.

ಅಳಿಯನ ಕಿವಿ ಮೊದಲು ಬಿಸಿಯಾಯಿತು. ಆಮೇಲೆ ಕತ್ತು. ಮೆಟ್ಟಿಲ ಕಟಕಟೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ.

“ಓದ್ತಾ ಇದೀರಿ ತಾನೇ?” ಎಂದರು ಹೆಡ್‌ಮಾಸ್ತರು.

“ಹೂಂ,” ಎಂದ ಅಳಿಯ.

ನೇರವಾಗಿ ಅವನು ಹೋದದ್ದು ರಿಪೇರಿ ಅಕ್ಕನ ಅಂಗಡಿಗೆ. ಹೊಟ್ಟೆ ಬಗೆದ ಕಂಪ್ಯೂಟರುಗಳ ನಡುವೆ ತುಟಿಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು ಕೂರುವ ಆಕೆಯೂ ಹೆಡ್‌ಮಾಸ್ತರ ಶಿಷ್ಯೆಯೇ.

ಅವನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ರಾಕೆಟ್ಟಾ, ಪೊರಕೆಯಾ?” ಎಂದಳು.

“ಪೊರಕೆ ಹಿಡಿದಿರೋ ರಾಕೆಟ್ಟು.”

“ತೊಳೆದ್ರಾ?”

“ಏನು?”

“ಖಾಲಿ ಜಾಗ ತೊಳೀಲಾ ಅಂತ ಕೇಳಿರುತ್ತೆ.”

“ಹೂಂ.”

ಅವಳು ಸ್ಕ್ರೂಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಸ್ಟೆತಾಸ್ಕೋಪನ್ನು ಮಡಿಸಿಡುವ ಹಾಗಿತ್ತು ಅದು. “ಬರೀ ಬುಟ್ಟಿಯಿಂದ ಹೋಗಿದ್ರೆ ಕೆದಕಿ ತೆಗೀತಿದ್ದೆ. ತೊಳೆದದ್ದು ಹೋಯ್ತು.”

“ಮೂರು ಸಾವಿರದ ಎಂಟುನೂರ ಹದಿನಾರು ದೋಷ ಇತ್ತು ಅಕ್ಕ! ಅದಕ್ಕೇ…”

“ನೋಡಿ, ಇದು ಇವತ್ತು ಬೆಳಿಗ್ಗೆ ಡಬ್ಬಿ ಬಿಚ್ಚಿದ್ದು. ಮೈಮೇಲಿನ ಪ್ಲಾಸ್ಟಿಕ್ಕೂ ತೆಗೆದಿಲ್ಲ. ಇದಕ್ಕೇ ಆ ರಾಕೆಟ್ಟು ಸಾವಿರದ ನಾನೂರು ದೋಷ ತೋರಿಸ್ತು. ಹೆದರಿಸೋದೇ ಅದರ ಕಸುಬು.”

“ಆದ್ರೆ ನಿಜವಾಗ್ಲೂ ಫಾಸ್ಟ್ ಆಯ್ತಲ್ಲ?”

“ಕೊನೇಲಿ ಆಫ್ ಆಗಿ ಆನ್ ಆಯ್ತಾ?”

“ಹೂಂ.”

“ಮೇಷ್ಟ್ರು ಅದಕ್ಕೆ ಮೊದ್ಲು ಯಾವಾಗ ಆಫ್ ಮಾಡಿದ್ರು?”

ಹೆಡ್‌ಮಾಸ್ತರು ದಿನಾ ಮಲಗುವಾಗ ಕಂಪ್ಯೂಟರಿಗೆ ಟವೆಲ್ ಹೊದಿಸುತ್ತಿದ್ದರು. ಆಫ್ ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೂರು ವರ್ಷ ಅದು ನಿದ್ದೆಗೆಟ್ಟು ಕೂತಿತ್ತು.

“ಅಷ್ಟೇ,” ಎಂದಳು ಅಕ್ಕ. “ದಿನಾ ಆಫ್ ಮಾಡಿ. ಕೇಳದೇ ಎದ್ದು ಕೂರೋ ಸಾಫ್ಟ್‌ವೇರ್‌ಗಳನ್ನ ನಿಲ್ಸಿ. ಡಿಸ್ಕ್ ಹಳೇದಾಗಿದ್ರೆ ಬದಲಾಯ್ಸಿ. ಆ ರಾಕೆಟ್ಟನ್ನ ಮೊದ್ಲು ಕಿತ್ತು ಬಿಸಾಕಿ. ಇನ್ನೊಂದು ವಾರ ಬಿಟ್ರೆ ಅದೇ ಅದನ್ನ ನಿಧಾನ ಮಾಡುತ್ತೆ.” ಆಮೇಲೆ ಕೇಳಿದಳು, “ಮೇಷ್ಟ್ರಿಗೆ ಹೇಳಿದ್ರಾ?”

“ಇವತ್ತೇ ಹೇಳ್ತೀನಿ.”

“ಅದರಲ್ಲಿ ನಂದೂ ಒಂದು ಪುಟ ಇತ್ತಂತೆ. ಸ್ಕೂಲ್ ಗಂಟೆ ಬಿಚ್ಚಿ ಒಳಗೇನಿದೆ ಅಂತ ನೋಡಿದ್ದೆ ನಾನು. ಏನು ಬರ್ದಿದ್ರೋ.” ಅವಳು ಸ್ಕ್ರೂಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡು ಆ ಕಡೆ ತಿರುಗಿದಳು.

ಅಳಿಯ ಅವತ್ತು ಹೇಳಲಿಲ್ಲ. ಬುಧವಾರ ಮಾವನಿಗೆ ನೆಗಡಿಯಿತ್ತು. ನೆಗಡಿಯಿದ್ದವರಿಗೆ ಇಂಥದ್ದನ್ನೆಲ್ಲ ಹೇಳಬಾರದು. ಗುರುವಾರ ಮಾವ ಬಹಳ ಖುಷಿಯಲ್ಲಿದ್ದರು. ಖುಷಿಯನ್ನು ಕೆಡಿಸುವುದು ಸರಿಯಲ್ಲ. ಶುಕ್ರವಾರ ತಡವಾಗಿಹೋಗಿತ್ತು. ಅಷ್ಟರಲ್ಲಿ ಹೆಡ್‌ಮಾಸ್ತರು ಸಿಕ್ಕವರಿಗೆಲ್ಲ, “ಪುಸ್ತಕ ಮುಗೀತು. ನಮ್ಮ ಅಳಿಯಂದ್ರು ಓದ್ತಾ ಇದಾರೆ,” ಎಂದು ಹೇಳಿಬಿಟ್ಟಿದ್ದರು.

ಊರಿನ ಕಣ್ಣು ಒಂದೇ ದಿನದಲ್ಲಿ ಕೆಟ್ಟಿತು.

ಮೊದಲು ಬಂದವನು ಬಸ್ ಡ್ರೈವರ್. ಕತ್ತಲೆ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು, ಗಾಜು ಬದಲಾಯಿಸುವ ಕಬ್ಬಿಣದ ಕನ್ನಡಕವನ್ನು ಮೂಗಿಗೇರಿಸಿಕೊಂಡ.

“ಮೇಲಿನ ಸಾಲು ಓದಿ,” ಎಂದ ಅಳಿಯ.

“ಅದು ಹಾಗಿರ್ಲಿ. ನಂದೂ ಬರ್ದಿದಾರಾ?”

“ಹೂಂ.”

“ಏನಂತ? ಪ್ರಾರ್ಥನೇಲಿ ನನ್ನನ್ನ ಹಿಂದಿನ ಸಾಲಿಗೆ ಕಳಿಸಿ, ಬಾಯಿ ಮಾತ್ರ ಆಡಿಸು ಅಂತಿದ್ರಲ್ಲ, ಅದನ್ನೂ ಬರ್ದ್ರಾ?” ದಪ್ಪ ಗಾಜಿನ ಹಿಂದೆ ಅವನ ಕಣ್ಣುಗಳು ತಟ್ಟೆಗಳಷ್ಟಾಗಿದ್ದವು.

ಅಳಿಯನಿಗೆ ಮನುಷ್ಯರ ಕಣ್ಣಲ್ಲಿ ನೀರು ನೋಡಲಾಗುವುದಿಲ್ಲ, ಅಳತೆ ತಪ್ಪುತ್ತದೆ. “ಇಲ್ಲಪ್ಪ. ಒಳ್ಳೇ ಕಂಠ, ಮುಂದೆ ಬರಬೇಕಾದ ಹಾಡುಗಾರ ಅಂತ ಬರ್ದಿದಾರೆ,” ಎಂದುಬಿಟ್ಟ.

ಡ್ರೈವರ್ ಕಬ್ಬಿಣದ ಕನ್ನಡಕದ ಒಳಗೇ ಅತ್ತ. ಮರುದಿನದಿಂದ ಬಸ್ಸಿನಲ್ಲಿ ಹಾಡತೊಡಗಿದ. ಪ್ರಯಾಣಿಕರು ಒಂದು ನಿಲ್ದಾಣ ಮುಂಚೆಯೇ ಇಳಿದು ನಡೆಯುತ್ತಿದ್ದರು.

ಆಮೇಲೆ ಬ್ಯಾಂಕ್ ಮ್ಯಾನೇಜರಮ್ಮ. “ಗಣಿತ ಪರೀಕ್ಷೇಲಿ ನಾನು ಕಾಪಿ ಹೊಡೆದದ್ದು ಇದೆಯಾ? ನನ್ನ ಸ್ಟಾಫೆಲ್ಲ ಓದ್ತಾರೆ.” “ಇಲ್ಲ ಮೇಡಂ, ಸತ್ಯವಂತೆ ಅಂತಿದೆ.” ಸಹಪಾಠಿಯ ತೋಳು ಕಚ್ಚಿ ಹೆಸರಾಗಿದ್ದ ದಂತವೈದ್ಯರಿಗೆ ‘ಮೃದು ಸ್ವಭಾವ’ ಸಿಕ್ಕಿತು. ಟೈಲರಿಗೆ, ಹದಿನೇಳು ಅಂಕದ ನೋವನ್ನು ಮರೆಸುವಂತೆ, ‘ಚುರುಕು ಬುದ್ಧಿ’. ಬಂದವರು ಸುಮ್ಮನೆ ಹೋಗುವುದು ಚೆಂದವಲ್ಲವೆಂದು ಒಂದೊಂದು ಕನ್ನಡಕ ಮಾಡಿಸಿಕೊಂಡು ಹೋದರು. ಅಂಗಡಿಯ ಯಜಮಾನಿ ಬಾಗಿಲ ಪರದೆ ಸರಿಸಿ, “ನಿಮ್ಮ ಮಾವನೋರು ಎರಡನೇ ಭಾಗಾನೂ ಬರೀತಾರಂತಾ?” ಎಂದು ಕೇಳಿದಳು.

ಅಳಿಯ ಒಂದು ಸಣ್ಣ ಸಂಗತಿಯನ್ನು ಮರೆತಿದ್ದ. ಹೊಗಳಿಸಿಕೊಂಡವರು ಹೊಗಳಿದವರ ಮನೆಗೆ ಹೋಗಿ ಕೃತಜ್ಞತೆ ಹೇಳುತ್ತಾರೆ.

ಸೋಮವಾರ ಡ್ರೈವರ್ ತುಂಬಿದ ಬಸ್ಸನ್ನು ಹೆಡ್‌ಮಾಸ್ತರ ಮನೆಯೆದುರು ನಿಲ್ಲಿಸಿ, ಸೀಟಿನಿಂದಲೇ ಎರಡು ಚರಣ ಹಾಡಿ, “ಎಲ್ಲಾ ನಿಮ್ಮಿಂದ ಸಾರ್!” ಎಂದು ಕೈಮುಗಿದು ಹೋದ. ಮಂಗಳವಾರ ಸತ್ಯವಂತೆ ಬಂದು ಕಾಲಿಗೆ ಬಿದ್ದಳು. ಬುಧವಾರ ಮೃದು ಸ್ವಭಾವದವರು ಹೂಗುಚ್ಛ ತಂದರು. ಹೆಡ್‌ಮಾಸ್ತರು ಎಲ್ಲರಿಗೂ “ಸಂತೋಷ, ಸಂತೋಷ” ಎಂದರು. ಬಾಗಿಲು ಹಾಕಿದ ಮೇಲೆ ಬಹಳ ಹೊತ್ತು ಕಂಪ್ಯೂಟರಿನ ಪಕ್ಕದ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತ ನಿಂತರು.

ಗುರುವಾರ ಸಂಜೆ ಅಳಿಯ ಮನೆಗೆ ಬಂದಾಗ ಹೆಂಡತಿ ದೀಪ ಹಾಕದೆ ಕೂತಿದ್ದಳು.

“ಅಪ್ಪನಿಗೆ ಮರೆವಿನ ಕಾಯಿಲೆ ಕಣ್ರೀ.”

“ಯಾರು ಹೇಳಿದ್ರು?”

“ಅವರೇ. ಏನು ಬರ್ದೆ ಅನ್ನೋದೇ ನೆನಪಿಲ್ವಂತೆ. ‘ಆ ಡ್ರೈವರ್ ಬಾಯಿ ಬಿಟ್ರೆ ಮರದ ಮೇಲಿನ ಕಾಗೆ ಏಳ್ತಿದ್ವು, ಅವನನ್ನ ನಾನು ಹಾಡುಗಾರ ಅಂತ ಬರ್ದಿದೀನಂತೆ ಮಗಳೇ’ ಅಂದ್ರು. ‘ನಾನು ಮರೆತದ್ದು’ ಅಂತ ಒಂದು ಪುಟ್ಟ ನೋಟ್‌ಬುಕ್ ಇಟ್ಕೊಂಡಿದಾರೆ. ನಾಲ್ಕು ಪುಟ ತುಂಬಿದೆ. ಬೆಳಿಗ್ಗೆ ನನ್ನ ಹುಟ್ಟಿದ ದಿನ ಅವರಾಗೇ ಹೇಳಿ, ಸರೀನಾ ಅಂತ ಕೇಳಿದ್ರು.” ಅವಳು ಮೂಗು ಒರೆಸಿಕೊಂಡಳು. “ನಾಡಿದ್ದು ದೊಡ್ಡ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ನೀವು ರಜೆ ಹಾಕ್ತೀರಾ?”

“ಹೂಂ,” ಎಂದ ಅಳಿಯ. ಅವತ್ತು ಅವನು ಊಟಕ್ಕೆ ಏಳಲಿಲ್ಲ. ಮಾವನ ಮೇಲೆ ಇಷ್ಟು ಪ್ರೀತಿಯಿರುವ ಅಳಿಯ ಲಕ್ಷಕ್ಕೊಬ್ಬ ಎಂದು ಪಕ್ಕದ ಮನೆಯವರು ಮಾತಾಡಿಕೊಂಡದ್ದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿಸಿತು.

ಡಾಕ್ಟರ ಬಳಿ ಹೋಗುವ ಮುನ್ನ ಹೆಡ್‌ಮಾಸ್ತರು ಶುಕ್ರವಾರ ಕನ್ನಡಕದ ಅಂಗಡಿಗೆ ಬಂದರು. ಬೆಂಚಿನ ಮೇಲೆ ಡ್ರೈವರ್, ಮ್ಯಾನೇಜರಮ್ಮ, ದಂತವೈದ್ಯರು, ಟೈಲರು ನಾಲ್ವರೂ ಹೊಸ ಕನ್ನಡಕ ಒಯ್ಯಲು ಕೂತಿದ್ದರು. ಹೆಡ್‌ಮಾಸ್ತರು ಅವರನ್ನು ನೋಡಿ ಅಪರಾಧಿಯ ಹಾಗೆ ನಕ್ಕು, ಒಳಗೆ ಹೋಗಿ, ಕುರ್ಚಿಯಲ್ಲಿ ಕೂತರು. ಅಳಿಯ ದೀಪ ಆರಿಸಿ, ಎದುರಿನ ಗುಂಡು ಸ್ಟೂಲಿನ ಮೇಲೆ ಕೂತ. ಕೋಣೆಗೂ ಬೆಂಚಿಗೂ ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ.

“ಮೊದ್ಲು ಕಣ್ಣು ನೋಡಿ ಅಳಿಯಂದ್ರೇ. ಕಣ್ಣಿಂದು ಆದ್ರೆ ಸಂತೋಷ.”

ಹೆಡ್‌ಮಾಸ್ತರು ಎಲ್ಲ ಸಾಲುಗಳನ್ನೂ ಓದಿದರು. ಕೊನೆಯ ಸಾಲನ್ನೂ ಓದಿದರು. ಹಲಗೆಯ ಅಡಿಯಲ್ಲಿ ಇರುವೆಯಷ್ಟು ಸಣ್ಣಗೆ ಮುದ್ರಕರ ವಿಳಾಸವಿತ್ತು. ಹತ್ತು ವರ್ಷದಿಂದ ಅಳಿಯನೂ ಓದಿರದ ಅದನ್ನೂ ಓದಿದರು.

“ಕಣ್ಣು ಚೆನ್ನಾಗಿದೆ ಮಾವ.”

“ಹಾಗಾದ್ರೆ ತಲೇನೇ.” ಅವರು ಮಡಿಲಲ್ಲಿ ಕೈ ಜೋಡಿಸಿಕೊಂಡರು. “ಒಂದು ಉಪಕಾರ ಮಾಡಿ. ಪುಸ್ತಕ ಅಚ್ಚಿಗೆ ಕೊಡ್ಬೇಡಿ. ತಲೆ ಸರಿ ಇಲ್ಲದೋನು ಬೇರೆಯೋರ ಮಕ್ಕಳ ಬಗ್ಗೆ ಬರೀಬಾರ್ದು. ನೀವೇ ಇಟ್ಕೊಂಡಿರಿ. ನಿಮ್ಮ ಹತ್ರ ಇದ್ರೆ ಭದ್ರವಾಗಿರುತ್ತೆ.”

ಭೂಮಿ ಬಾಯಿ ಬಿಡುವುದಾದರೆ ಅದಕ್ಕೆ ಇದು ತಕ್ಕ ಸಮಯವಾಗಿತ್ತು. ಬಿಡಲಿಲ್ಲ. ಕನ್ನಡಕದಂಗಡಿಯ ನೆಲ ಸಿಮೆಂಟಿನದು.

“ಮಾವ, ನಿಮ್ಮ ತಲೆ ಸರಿ ಇದೆ,” ಎಂದ ಅಳಿಯ. “ಪುಸ್ತಕ ಇಲ್ಲ.”

“ಅಂದ್ರೆ?”

“ಅದು ಕಸದ ಬುಟ್ಟಿ ಮಾವ. ನಾನು ಖಾಲಿ ಮಾಡ್ದೆ. ಆಮೇಲೆ ತೊಳೆದೆ.”

ಕಬ್ಬಿಣದ ಕನ್ನಡಕದೊಳಗೆ ಹೆಡ್‌ಮಾಸ್ತರ ಕಣ್ಣುಗಳು ಒಂದು ಸಲ ಮುಚ್ಚಿ ತೆರೆದವು.

“ಓದಿದ್ದು?”

“ಓದಿಲ್ಲ.”

“ಹಾಡುಗಾರ?”

“ನಾನೇ ಹೇಳಿದ್ದು.”

ಪರದೆಯಾಚೆ ಬೆಂಚು ಕಿರ್ ಎಂದಿತು.

“ಸತ್ಯವಂತೆ?”

“ಅದೂ ನಾನೇ.”

ಬೆಂಚು ಮತ್ತೆ ಕಿರ್ ಎಂದಿತು. ಮೃದು ಸ್ವಭಾವಕ್ಕೊಮ್ಮೆ, ಚುರುಕು ಬುದ್ಧಿಗೊಮ್ಮೆ ಕಿರುಗುಟ್ಟಿತು.

“ನನ್ನ ತಲೆ ಸರಿ ಇದೆ,” ಎಂದು ಹೆಡ್‌ಮಾಸ್ತರು ತಮಗೆ ತಾವೇ ಹೇಳಿಕೊಂಡರು. ಇನ್ನೊಮ್ಮೆ ಹೇಳಿಕೊಂಡರು. ಜೇಬಿನಿಂದ ಆ ಪುಟ್ಟ ನೋಟ್‌ಬುಕ್ಕು ತೆಗೆದು ನಾಲ್ಕು ಪುಟಗಳನ್ನು ನೀಟಾಗಿ ಹರಿದರು. ಆಮೇಲೆ, ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ, ಅವರ ಗಂಟಲಿನಿಂದ ಹಳೆಯ ದನಿ ಹೊರಟಿತು.

“ಎದ್ದು ನಿಲ್ಲೋ!”

ಅಳಿಯ ಎದ್ದು ನಿಂತ. ಪರದೆಯಾಚೆ ಡ್ರೈವರ್, ಮ್ಯಾನೇಜರಮ್ಮ, ದಂತವೈದ್ಯರು, ಟೈಲರು ನಾಲ್ವರೂ ದಡಕ್ಕನೆ ಎದ್ದು ನಿಂತರು. ಬೇರೆ ಊರಿನಲ್ಲಿ ಓದಿದ ಯಜಮಾನಿಯೂ ಯಾಕೆಂದು ತಿಳಿಯದೆ ಎದ್ದು ನಿಂತಳು.

“ನಾಳೆಯಿಂದ ಸಂಜೆ ಆರು ಗಂಟೆ. ಇನ್ನೂರು ಹಾಳೆ ನೋಟ್‌ಬುಕ್, ಎರಡು ಪೆನ್ಸಿಲ್. ನಾನು ಹೇಳ್ತೀನಿ, ನೀನು ಬರೀತೀಯ. ಇನ್ನೂರ ಹದಿನಾಲ್ಕೂ.”

“ಹೂಂ ಮಾವ.”

“ಸಾರ್ ಅನ್ನು.”

“ಹೂಂ ಸಾರ್.”

ಹೊರಗೆ ಬಂದ ಹೆಡ್‌ಮಾಸ್ತರು ಡ್ರೈವರಿನ ಮುಂದೆ ಒಂದು ಕ್ಷಣ ನಿಂತರು. “ನೀನು ಹಾಡ್ಬೇಡಪ್ಪ.”

“ಇಲ್ಲ ಸಾರ್,” ಎಂದ ಅವನು.

ಮರುದಿನ ಸಂಜೆ ಆರಕ್ಕೆ ಅಳಿಯ ಮಾವನ ಮನೆಯಲ್ಲಿ ಗಿಡ್ಡ ಸ್ಟೂಲಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತಿದ್ದ. ಬಾಗಿಲು ತೆರೆದಿತ್ತು, ತೆರೆದಿರಬೇಕೆಂದು ಅಪ್ಪಣೆಯಾಗಿತ್ತು. ಮೆಟ್ಟಿಲ ಮೇಲೆ ಓಡಾಡುವವರು ನಿಧಾನವಾಗಿ ಓಡಾಡಿದರು. ರಿಪೇರಿ ಅಕ್ಕ, ಕಂಪ್ಯೂಟರಿನಿಂದ ರಾಕೆಟ್ಟನ್ನು ಕೀಳಬೇಕೆಂಬ ನೆಪದಲ್ಲಿ ಬಂದು, ಸ್ಕ್ರೂ ಕಚ್ಚಿಕೊಂಡು ಮೂಲೆಯಲ್ಲಿ ಕೂತಳು. ಅಷ್ಟರಲ್ಲೇ ಪರದೆ ಕೆಂಪಾಗಿ ಗಂಟೆ ಹೊಡೆಯಿತು: ನಾಲ್ಕು ಸಾವಿರದ ಎರಡು ದೋಷಗಳು.

“ಅದಕ್ಕೆ ಹೇಳಿ ಅಕ್ಕ,” ಎಂದಳು ಹೆಂಡತಿ, ಅಪ್ಪನಿಗೆ ಮಾತ್ರ ಕಾಫಿ ತಂದಿಟ್ಟು. “ದೋಷ ಇರೋದು ಒಂದೇ. ಇಲ್ಲಿ ಸ್ಟೂಲ್ ಮೇಲೆ ಕೂತಿದೆ ಅಂತ.”

ಹೆಡ್‌ಮಾಸ್ತರು ಕೈ ಹಿಂದೆ ಕಟ್ಟಿಕೊಂಡು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಿದ್ದರು. ಒಂದು ಪುಟವನ್ನೂ ಅವರು ಮರೆತಿರಲಿಲ್ಲ.

“ಯಾರಿಂದ ಶುರು ಸಾರ್? ಹಾಜರಿ ಪುಸ್ತಕದ ಪ್ರಕಾರಾನಾ?”

“ನಿನ್ನಿಂದ. ಬರಿ. ‘ಈ ಹುಡುಗ ಏಳನೇ ತರಗತಿಯಲ್ಲಿ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದ. ಓದಿನಲ್ಲಿ ಸಾಧಾರಣ. ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದ.’ ಬರೆದ್ಯಾ?”

“ಬರೆದೆ.”

“‘ಕಪ್ಪು ಹಲಗೆ ಒರೆಸುವ ಕೆಲಸವನ್ನು ಇವನಿಗೆ ಕೊಟ್ಟಿದ್ದೆ. ಅದರಲ್ಲಿ ಇವನಿಗೆ ಬಹಳ ಉತ್ಸಾಹ. ಉಳಿದವರು ಬರೆದುಕೊಳ್ಳುವ ಮೊದಲೇ ಒರೆಸಿಬಿಡುತ್ತಿದ್ದ. ಯಾಕೋ ಹೀಗೆ ಮಾಡಿದೆ ಎಂದರೆ, ಸ್ವಚ್ಛ ಆಗ್ಲಿ ಅಂತ ಸಾರ್, ಎನ್ನುತ್ತಿದ್ದ.’”

ಮೆಟ್ಟಿಲ ಮೇಲೆ ಯಾರೋ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಮೂಲೆಯಲ್ಲಿ ಒಂದು ಸ್ಕ್ರೂ ನೆಲಕ್ಕೆ ಬಿದ್ದ ಸದ್ದಾಯಿತು. ಅಳಿಯನ ಕಿವಿ ಬಿಸಿಯಾಗಿ, ಆ ಬಿಸಿ ಕತ್ತಿಗಿಳಿದು, ಪೆನ್ಸಿಲ್ ಹಿಡಿದ ಬೆರಳಿನವರೆಗೂ ಬಂತು. ಅವನು ತಲೆ ಎತ್ತದೆಯೇ ಕೇಳಿದ:

“ಸಾರ್, ಇದು ಮೊದ್ಲಿನದರಲ್ಲೂ ಹೀಗೇ ಇತ್ತಾ, ಈಗ ಸೇರಿಸಿದ್ದಾ?”

ಹೆಡ್‌ಮಾಸ್ತರು ಕಿಟಕಿಯ ಬಳಿ ನಿಂತು ಹಿಂತಿರುಗಿದರು.

“ಮೊದ್ಲಿನದನ್ನ ಓದಿದೋನು ನೀನು ತಾನೇ? ನೀನೇ ಹೇಳು.”